ಇರುವೆಯ ವೇಷದ ಜೇಡ



ಬೆಂಗಳೂರಿನ ಜಯನಗರ, ಬನಶಂಕರಿಯಂಥ ಬಡಾವಣೆಗಳ ಹಿತ್ತಿಲಲ್ಲಾಗಲಿ, ಹಳ್ಳಿಯ ಮಾವಿನ ತೋಪಿನಲ್ಲಾಗಲಿ, ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಜಿರುವೆ ಕಾಣಸಿಗುತ್ತದೆ. ಮಲೆನಾಡಿನವರು ಇದನ್ನು ಚಗಳಿ ಎನ್ನುತ್ತಾರೆ. ಇದು ಕಚ್ಚುತ್ತದೆಂದು ಇಡೀ ಮರಕ್ಕೆ ಔಷಧಿ ಹೊಡೆಯುವವರುಂಟು. ಆದರೆ ಆಗ ಸಾಯುವುದೆಲ್ಲ ಇರುವೆಯಲ್ಲ.

ಇರುವೆ ಸಾಲಿನ ಆಸುಪಾಸಿನಲ್ಲೇ ಅದೇ ಬಣ್ಣದ, ಅದೇ ಗಾತ್ರದ ಒಂದು ಜೇಡ ಓಡಾಡುತ್ತಿರುತ್ತದೆ. ಇದರ ಶಾಸ್ತ್ರೀಯ ಹೆಸರು ಮಿರ್ಮಪ್ಲಾಟಾ ಪ್ಲಾಟಲಿಯಾಯ್ಡಿಸ್. ಇದು ನೆಗೆಯುವ ಜೇಡಗಳ ಕುಟುಂಬಕ್ಕೆ ಸೇರಿದ್ದು. ಬಲೆ ಹೆಣೆದು ಕಾಯದೆ ಸಣ್ಣ ಕೀಟಗಳನ್ನು ಅಟ್ಟಿ ಹಿಡಿದು ತಿನ್ನುತ್ತದೆ. ಕಪ್ಪು ಇರುವೆಗಳನ್ನು ಹೋಲುವ ಜೇಡಗಳೂ ಇವೆ.

ಈ ವೇಷವೇಕೆ? ಕೆಂಜಿರುವೆ ಕಚ್ಚಿ ಆಮ್ಲ ಸುರಿಸುತ್ತದೆ, ಗುಂಪಾಗಿ ಮೇಲೆ ಬೀಳುತ್ತದೆ. ಆದ್ದರಿಂದ ಅನೇಕ ಬೇಟೆಗಾರ ಪ್ರಾಣಿಗಳು ಅದರ ತಂಟೆಗೆ ಹೋಗುವುದಿಲ್ಲ. ಇರುವೆಯಂತೆ ಕಂಡರೆ ಜೇಡಕ್ಕೂ ಅದೇ ರಕ್ಷಣೆ. ಗೋಡೆಗೆ ಮಣ್ಣಿನ ಗೂಡು ಮೆತ್ತುವ ಕಣಜವನ್ನು ಎಲ್ಲರೂ ನೋಡಿರುತ್ತಾರೆ. ಅದು ಮರಿಗಳ ಆಹಾರಕ್ಕೆ ಜೇಡಗಳನ್ನು ಕುಟುಕಿ ತಂದು ತುಂಬುತ್ತದೆ. ಅಂಥ ಕಣಜವೂ ಇರುವೆವೇಷದ ಜೇಡವನ್ನು ಬಿಟ್ಟುಬಿಡುತ್ತದೆಂದು ಅಮೆರಿಕದ ಜೇಡವೊಂದರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಗುರುತಿಸುವ ಬಗೆ:

1. ಇರುವೆಗೆ 6 ಕಾಲು, ಜೇಡಕ್ಕೆ 8. ಜೇಡಕ್ಕೆ ಮೀಸೆಯಿಲ್ಲ, ಮುಂದಿನ ಎರಡು ಕಾಲುಗಳನ್ನೇ ಎತ್ತಿ ಮೀಸೆಯಂತೆ ಆಡಿಸುತ್ತದೆ.

2. ಜೇಡದ ಮುಖದಲ್ಲಿ ಎರಡು ದೊಡ್ಡ ಕಣ್ಣುಗಳು ಎದ್ದು ಕಾಣುತ್ತವೆ.

3. ರೆಂಬೆ ತಟ್ಟಿದರೆ ಇರುವೆ ಕೆಳಗೆ ಬೀಳುತ್ತದೆ. ಜೇಡ ನೂಲು ಬಿಟ್ಟು ತೂಗಾಡುತ್ತದೆ.

4. ಗಂಡು ಜೇಡದ ದವಡೆ ಬಲು ಉದ್ದ. ನೋಡಿದರೆ ಇರುವೆಯೊಂದು ಇನ್ನೊಂದನ್ನು ಕಚ್ಚಿಕೊಂಡು ಹೋದಂತಿರುತ್ತದೆ.

ಕೆಂಜಿರುವೆಯೂ ಪೂರ್ತಿ ಶತ್ರುವಲ್ಲ. ಅದು ಎಲೆ ತಿನ್ನುವ ಹುಳುಗಳನ್ನು ಹಿಡಿಯುತ್ತದೆ. ಆದರೆ ಸಿಹಿದ್ರವದ ಆಸೆಗೆ ಹಿಟ್ಟುತಿಗಣೆ, ಶಲ್ಕ ಕೀಟಗಳನ್ನು ಕಾಯುವುದೂ ಉಂಟು. ಆದ್ದರಿಂದ ಮೊದಲು ಮರವನ್ನು ಪರೀಕ್ಷಿಸಬೇಕು. ಕೊಯ್ಲಿಗೆ ತೊಂದರೆಯಾದರೆ ಇರುವೆ ಗೂಡಿರುವ ರೆಂಬೆಯನ್ನಷ್ಟೇ ಕತ್ತರಿಸಿ ತೆಗೆಯಬಹುದು. ಹಿಟ್ಟುತಿಗಣೆ ಹತ್ತಿದ ಕುಡಿಗಳನ್ನು ಸವರಿ ನಾಶಪಡಿಸಬೇಕು. ಇಡೀ ಮರಕ್ಕೆ ವಿಷ ಸುರಿದರೆ ಕೀಟದೊಂದಿಗೆ ಅದನ್ನು ತಿನ್ನುವ ಜೇಡವೂ ಸಾಯುತ್ತದೆ. ಮುಂದೆ ಕೀಟ ಮರಳಿ ಬಂದಾಗ ತಡೆಯುವವರಿರುವುದಿಲ್ಲ.

ಸಿಂಪರಣೆ ಯಂತ್ರ ಹೆಗಲಿಗೇರಿಸುವ ಮೊದಲು ಒಮ್ಮೆ ಕಾಲುಗಳನ್ನು ಎಣಿಸಿ ನೋಡುವುದು ಲೇಸು. ಇದಕ್ಕೆ ಕಾಸಿನ ಖರ್ಚೂ ಇಲ್ಲ.