ಹಕ್ಕಿಯ ಕೊಕ್ಕಿನಲ್ಲಿರುವ ಹಣ್ಣು ಯಾರದು?



ಪೂರ್ವ ಆಸ್ಟ್ರೇಲಿಯಾದ ಬೆಟ್ಟದ ಕಾಡುಗಳಲ್ಲಿಯೂ, ಸಿಡ್ನಿ, ಕ್ಯಾನ್‌ಬೆರಾ ನಗರಗಳ ಮನೆಯ ಹಿತ್ತಿಲುಗಳಲ್ಲಿಯೂ ಕಾಣಸಿಗುವ ದೊಡ್ಡ ಕಪ್ಪು ಹಕ್ಕಿ ಕರವಾಂಗ್. ಅದರ ಕೂಗೇ ಅದಕ್ಕೆ ಹೆಸರಾಗಿದೆ. ಕಾಗೆಯಂತೆ ತೋರಿದರೂ ಅದು ಕಾಗೆಯ ಕುಲದ್ದಲ್ಲ. ಕರ್ನಾಟಕದಲ್ಲಿ ತಾಳೆಮರಗಳ ಮೇಲೆ, ವಿದ್ಯುತ್ ತಂತಿಗಳ ಮೇಲೆ ಒತ್ತೊತ್ತಾಗಿ ಕುಳಿತು, ಹಾರುವ ಕೀಟಗಳನ್ನು ಹಿಡಿಯುವ ಬೂದುಬಣ್ಣದ ವುಡ್‌ಸ್ವಾಲೋ ಹಕ್ಕಿಯೇ ಅದರ ದೂರದ ಬಂಧು.

ಕರವಾಂಗ್‌ಗಳಲ್ಲಿ ಮೂರು ಪ್ರಭೇದಗಳಿವೆ. ಕಪ್ಪು-ಬಿಳಿ ಕರವಾಂಗ್‌ಗೆ ಬಾಲದ ಬುಡದಲ್ಲಿ ಬಿಳಿಯ ಪಟ್ಟಿಯಿದೆ. ಬೂದು ಕರವಾಂಗ್‌ಗೆ ಆ ಪಟ್ಟಿಯಿಲ್ಲ, ಬಾಲದ ಅಡಿ ಮಾತ್ರ ಬಿಳಿ. ಟ್ಯಾಸ್ಮೇನಿಯಾದ ಕಪ್ಪು ಕರವಾಂಗ್‌ಗೆ ಬಾಲದ ಅಡಿಯೂ ಕಪ್ಪು. ಆದ್ದರಿಂದ ಛಾಯಾಗ್ರಾಹಕರು ಹಳದಿ ಕಣ್ಣಿನ ಸೊಗಸಿಗೆ ಮಾತ್ರ ಮನಸೋಲದೆ, ಹಕ್ಕಿ ಹಾರುವಾಗ ಬಾಲದ ಚಿತ್ರವನ್ನೂ ತೆಗೆಯುವುದು ಅಗತ್ಯ. ಬೆಳಗುವ ಆಕಾಶದ ಎದುರು ಕಪ್ಪು ಹಕ್ಕಿ ಬರಿಯ ನೆರಳಾಗಿಬಿಡುತ್ತದೆ. ಮುಂಜಾನೆಯ ಎಳೆಬಿಸಿಲಿನಲ್ಲಿ, ಮರದ ಎಲೆಗಳನ್ನು ಹಿನ್ನೆಲೆಯಾಗಿಸಿಕೊಂಡು ತೆಗೆದರೆ ಗರಿಗಳ ವಿವರ ಉಳಿಯುತ್ತದೆ. ಮಾಂಸದ ಚೂರು ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವುದು, ಗೂಡಿನ ಬಳಿ ಸುಳಿಯುವುದು ಸರಿಯಲ್ಲ.

ಈ ಹಕ್ಕಿಯ ಮೇಲೆ ಅಲ್ಲಿ ಗಂಭೀರವಾದ ದೂರೊಂದಿದೆ. ಸಂತಾನಕಾಲದಲ್ಲಿ ಅದು ಸಣ್ಣ ಹಕ್ಕಿಗಳ ಗೂಡುಗಳಿಂದ ಮೊಟ್ಟೆ, ಮರಿಗಳನ್ನು ಅಪಹರಿಸಿ ತನ್ನ ಮರಿಗಳಿಗೆ ಉಣಿಸುತ್ತದೆ. ದೂರು ನಿಜವೇ. ಆದರೆ ಅದು ನಗರದಲ್ಲಿ ನೆಲೆ ನಿಂತದ್ದೇಕೆ? ಹಿಂದೆ ಕಪ್ಪು-ಬಿಳಿ ಕರವಾಂಗ್ ಬೇಸಿಗೆಯಲ್ಲಿ ಬೆಟ್ಟದ ಕಾಡಿನಲ್ಲಿ ಮರಿಮಾಡಿ, ಚಳಿಗಾಲಕ್ಕೆ ಮಾತ್ರ ತಗ್ಗಿಗೆ ಇಳಿಯುತ್ತಿತ್ತು. 20ನೇ ಶತಮಾನದಲ್ಲಿ ಅನೇಕ ಹಕ್ಕಿಗಳು ನಗರದಲ್ಲಿಯೇ ಉಳಿದು ಗೂಡು ಕಟ್ಟತೊಡಗಿದವು. ಪ್ರಿವೆಟ್, ಕೊಟೋನಿಯಾಸ್ಟರ್ ಮುಂತಾದ ಹೊರನಾಡಿನ ಗಿಡಗಳನ್ನು ಅಂದಕ್ಕಾಗಿ, ಬೇಲಿಗಾಗಿ ನೆಟ್ಟವರು ಮನುಷ್ಯರು. ಅವುಗಳ ಹಣ್ಣು ಚಳಿಗಾಲದ ಹಸಿವನ್ನು ನೀಗಿಸಿತು. ತಿಂದ ಹಣ್ಣಿನ ಬೀಜಗಳನ್ನು ಉಂಡೆಯಾಗಿ ಹೊರಕಕ್ಕುವ ಹಕ್ಕಿಯಿಂದ ಹಿತ್ತಿಲಿನ ಗಿಡ ಕಾಡಿಗೂ ಸೇರಿತು.

ನ್ಯೂ ಸೌತ್ ವೇಲ್ಸ್ ಕರಾವಳಿಯ ಕ್ಯಾಬೇಜ್ ಟ್ರೀ ದ್ವೀಪದ ಕಥೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅಲ್ಲಿ ಗೂಡುಮಾಡುವ ಗೌಲ್ಡ್ಸ್ ಪೆಟ್ರೆಲ್ ಎಂಬ ಕಡಲಹಕ್ಕಿಯ ಸಂತಾನ ಜೋಡಿಗಳು 1990ರ ದಶಕದ ಆರಂಭದಲ್ಲಿ 250ಕ್ಕಿಂತ ಕಡಿಮೆಯಾಗಿದ್ದವು. ಕರವಾಂಗ್‌ಗಳು ಅವುಗಳನ್ನು ಕೊಲ್ಲುತ್ತಿದ್ದವು. ಪಿಸೋನಿಯಾ ಮರದ ಅಂಟುಹಣ್ಣುಗಳು ರೆಕ್ಕೆಗೆ ಮೆತ್ತಿಕೊಂಡೂ ಅವು ಸಾಯುತ್ತಿದ್ದವು. ಇವೆರಡರ ಹಿಂದೆ ಮನುಷ್ಯರು ತಂದುಬಿಟ್ಟ ಮೊಲಗಳಿದ್ದವು. ಮರದಡಿಯ ಪೊದೆಗಳನ್ನು ಮೊಲಗಳು ಮೇದು ಮುಗಿಸಿದ್ದರಿಂದ ಪೆಟ್ರೆಲ್‌ಗಳಿಗೆ ಮರೆಯೇ ಇಲ್ಲವಾಗಿತ್ತು. ಕರವಾಂಗ್‌ಗಳನ್ನು ನಿಯಂತ್ರಿಸಿದ್ದಲ್ಲದೆ 1997ರಲ್ಲಿ ಮೊಲಗಳನ್ನೂ ನಿರ್ಮೂಲಗೊಳಿಸಲಾಯಿತು. ಮುಂದಿನ ವರ್ಷಗಳಲ್ಲಿ ಪೆಟ್ರೆಲ್ ಚೇತರಿಸಿಕೊಂಡಿತು. ಹಕ್ಕಿಯನ್ನಷ್ಟೇ ದೂರಿ ಕೈತೊಳೆದುಕೊಂಡಿದ್ದರೆ ಮರದಡಿಯ ಪೊದೆ ಮರಳುತ್ತಿರಲಿಲ್ಲ.

ಮಲೆನಾಡಿನವರಿಗೆ ಇದು ಅಪರಿಚಿತ ಸಂಗತಿಯಲ್ಲ. ಅಲಂಕಾರಕ್ಕೆಂದು ದೇಶಕ್ಕೆ ಬಂದ ಲಂಟಾನ ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಆವರಿಸಿದೆ. ಅದರ ಹಣ್ಣು ತಿಂದು ಬೀಜ ಹರಡುವ ಪಿಕಳಾರವನ್ನು ಅಪರಾಧಿಯೆನ್ನುವವರು ಯಾರು?

ಆದ್ದರಿಂದ ಹಕ್ಕಿಯ ಚಿತ್ರ ತೆಗೆಯುವ ವಿದ್ಯಾರ್ಥಿಗಳು ಅದರ ಕೆಳಗೆ ಹೆಸರನ್ನಷ್ಟೇ ಬರೆದು ನಿಲ್ಲಿಸದಿರಲಿ. ದಿನಾಂಕ, ಸ್ಥಳ, ಕುಳಿತ ಮರ, ಕೊಕ್ಕಿನಲ್ಲಿದ್ದ ಹಣ್ಣು, ಆ ಗಿಡ ಕಾಡಿನದೋ ತೋಟದ್ದೋ ಎಂಬುದನ್ನೂ ದಾಖಲಿಸಲಿ. ವರ್ಷವರ್ಷವೂ ಕೂಡಿಟ್ಟ ಇಂತಹ ಟಿಪ್ಪಣಿಗಳಿಂದ ಯಾವ ಗಿಡ ಯಾವ ಹಕ್ಕಿಯ ಮೂಲಕ ಕಾಡು ಸೇರುತ್ತಿದೆಯೆಂಬುದು ಊರಿಗೆ ತಿಳಿಯುತ್ತದೆ. ಹೊಸ ಬೇಲಿ ನೆಡುವ ಮುನ್ನ ಹಿರಿಯರೂ ಆ ಪುಸ್ತಕವನ್ನೊಮ್ಮೆ ತೆರೆದು ನೋಡಲಿ.