ಗಾಜಿಗೆ ಬೆಳ್ಳಿ ಕೊಡುವ ಬಣ್ಣ

ಬೆಳ್ಳಿಯು ಗಾಜಿಗೆ ಹಳದಿ ಬಣ್ಣ ಕೊಡುತ್ತದೆ. ತೆಳು ನಿಂಬೆಬಣ್ಣದಿಂದ ಹಿಡಿದು ಜೇನುಬಣ್ಣ, ಕಿತ್ತಳೆ, ಕೆಲವೊಮ್ಮೆ ಕೆಂಪಿನ ಅಂಚಿನವರೆಗೂ ಅದರ ಛಾಯೆಗಳಿವೆ. ಕೋಬಾಲ್ಟ್ ಗಾಜನ್ನು ನೀಲಿಯಾಗಿಸುವ ಬಗೆ ಬೇರೆ; ಅಲ್ಲಿ ಗಾಜಿನಲ್ಲಿ ಕರಗಿದ ಅಯಾನುಗಳೇ ಬೆಳಕನ್ನು ಹೀರುತ್ತವೆ. ಬೆಳ್ಳಿಯ ಅಯಾನು ಗಾಜಿನಲ್ಲಿ ಕರಗಿರುವಷ್ಟು ಹೊತ್ತೂ ಅದಕ್ಕೆ ಬಣ್ಣವಿಲ್ಲ. ಅದು ಮರಳಿ ಲೋಹವಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಕೂಡಿಕೊಂಡ ಮೇಲೆಯೇ ಬಣ್ಣ ಮೂಡುತ್ತದೆ. ಆದ್ದರಿಂದ ಬೆಳ್ಳಿಯ ಪ್ರಮಾಣದಷ್ಟೇ ಕಾವು, ಕಾಯಿಸಿದ ಅವಧಿ ಮತ್ತು ಗಾಜಿನ ಜಾತಿಯೂ ಬಣ್ಣವನ್ನು ನಿರ್ಧರಿಸುತ್ತವೆ. ಈ ಕಸುಬು ಮುಖ್ಯವಾಗಿ ಬೆಂಕಿಯ ಹದವನ್ನು ಅರಿಯುವ ಕಸುಬು.

ಚರಿತ್ರೆ

ಗಾಜಿನ ಮೇಲೆ ಬೆಳ್ಳಿ, ತಾಮ್ರಗಳ ಲೇಪದಿಂದ ಚಿತ್ರ ಬರೆಯುವ ಕಲೆ 8ನೆಯ ಶತಮಾನದ ಈಜಿಪ್ಟ್ ಮತ್ತು ಸಿರಿಯಾಗಳಲ್ಲಿ ಬೆಳೆದಿತ್ತು. ಕೈರೋ ಬಳಿಯ ಫುಸ್ತಾತ್‌ನಲ್ಲಿ ಸಿಕ್ಕ ಒಂದು ಗಾಜಿನ ಬಟ್ಟಲಿನ ಮೇಲೆ ಕ್ರಿ.ಶ. 773ರಲ್ಲಿ ಈಜಿಪ್ಟನ್ನು ಆಳಿದ ಅಬ್ಬಾಸಿ ಅಧಿಕಾರಿ ಅಬ್ದುಲ್ ಸಮದ್‌ನ ಹೆಸರಿದೆ. ಯುರೋಪಿನ ಚರ್ಚುಗಳ ಕಿಟಕಿಗಳಿಗೆ ಈ ಹಳದಿ ಬಂದದ್ದು 14ನೆಯ ಶತಮಾನದ ಆರಂಭದಲ್ಲಿ. ಫ್ರಾನ್ಸಿನ ನಾರ್ಮಂಡಿಯಲ್ಲಿರುವ ಲ ಮೆನಿಲ್-ವಿಲ್ಮಾನ್ ಚರ್ಚಿನ 1313ರ ಕಿಟಕಿ, ಇಸವಿ ಖಚಿತವಾಗಿರುವ ಆರಂಭದ ನಿದರ್ಶನಗಳಲ್ಲಿ ಒಂದು.

ಬೊಲೊನ್ಯದ ಡೊಮಿನಿಕನ್ ಸಂನ್ಯಾಸಿ, ಉಲ್ಮ್ ಊರಿನ ಜೇಮ್ಸ್ (1407–1491) ಎಂಬಾತನ ಅಂಗಿಯ ಬೆಳ್ಳಿ ಗುಂಡಿ ಕುಲುಮೆಯ ಗಾಜಿನ ಮೇಲೆ ಬಿದ್ದು ಈ ಬಣ್ಣ ಪತ್ತೆಯಾಯಿತೆಂಬ ಐತಿಹ್ಯ ಬಹುಕಾಲ ಪ್ರಚಾರದಲ್ಲಿತ್ತು. ಆತ ಹುಟ್ಟುವ ಸುಮಾರು ನೂರು ವರ್ಷ ಮೊದಲೇ ನಾರ್ಮಂಡಿಯ ಕಿಟಕಿ ಸಿದ್ಧವಾಗಿತ್ತು. ಗಾಜುಗಾರರು ಮಾತ್ರ ಆತನನ್ನು ತಮ್ಮ ಕಸುಬಿನ ಪೋಷಕ ಸಂತನೆಂದು ಗೌರವಿಸುತ್ತ ಬಂದಿದ್ದಾರೆ.

ಈ ವಿಧಾನ ಕಿಟಕಿಯ ಚಿತ್ರಕಲೆಯನ್ನೇ ಬದಲಿಸಿತು. ಅದಕ್ಕೆ ಮೊದಲು ಒಂದು ಬಣ್ಣಕ್ಕೆ ಒಂದು ಗಾಜಿನ ತುಂಡು. ಎರಡು ತುಂಡುಗಳ ನಡುವೆ ಸೀಸದ ಪಟ್ಟಿ. ಸಂತನ ಮುಖ ಬಿಳಿ ಗಾಜಿನಲ್ಲಿದ್ದರೆ ಕೂದಲಿಗೆ, ಕಿರೀಟಕ್ಕೆ ಬೇರೆ ಹಳದಿ ಗಾಜನ್ನು ಕತ್ತರಿಸಿ ಕೂಡಿಸಬೇಕಿತ್ತು. ಬೆಳ್ಳಿಯ ಲೇಪ ಬಂದ ಮೇಲೆ ಮುಖ, ಕೂದಲು, ಕಿರೀಟ ಮೂರೂ ಒಂದೇ ತುಂಡಿನಲ್ಲಿ ಬಂದವು. ನೀಲಿ ಗಾಜಿನ ಮೇಲೆ ಇದೇ ಲೇಪ ಹಚ್ಚಿದರೆ ಹಸಿರಾಗುತ್ತದೆ. ನೀಲಿ ಆಕಾಶ ಮತ್ತು ಹಸಿರು ಹುಲ್ಲನ್ನು ಒಂದೇ ತುಂಡಿನಲ್ಲಿ ತೋರಿಸಲು ಇದರಿಂದ ಸಾಧ್ಯವಾಯಿತು.

ಲೇಪ ಮತ್ತು ಕುಲುಮೆ

ಸಿಲ್ವರ್ ನೈಟ್ರೇಟ್, ಸಿಲ್ವರ್ ಕ್ಲೋರೈಡ್ ಅಥವಾ ಸಿಲ್ವರ್ ಸಲ್ಫೈಡನ್ನು ನುಣ್ಣಗೆ ಅರೆದು ಕಾವಿಮಣ್ಣು ಅಥವಾ ಜೇಡಿಮಣ್ಣಿನೊಂದಿಗೆ ಬೆರೆಸುತ್ತಾರೆ. ನೀರು ಹಾಕಿ, ಹಿಡಿದುಕೊಳ್ಳಲು ತುಸು ಗೋಂದು ಸೇರಿಸಿ ಕುಂಚದಿಂದ ಹಚ್ಚುತ್ತಾರೆ. ಗೆರೆಗಳ ಚಿತ್ರ ಗಾಜಿನ ಒಳಮುಖದಲ್ಲಿದ್ದರೆ ಬೆಳ್ಳಿಯ ಲೇಪ ಸಾಮಾನ್ಯವಾಗಿ ಹೊರಮುಖಕ್ಕೆ. ಒಣಗಿದ ಲೇಪ ಬರಿಯ ಕೆಸರಿನಂತೆ ಕಾಣುತ್ತದೆ; ಹಳದಿಯ ಸುಳಿವೇ ಇರುವುದಿಲ್ಲ. ಕುಲುಮೆಯಲ್ಲಿ ಸುಮಾರು 550ರಿಂದ 650 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೇಯಿಸಿ, ನಿಧಾನವಾಗಿ ತಣಿಸಿ ಹೊರತೆಗೆದಾಗಲೂ ಮೇಲೆ ಮಣ್ಣೇ ಇರುತ್ತದೆ. ಅದನ್ನು ಉಜ್ಜಿ ತೆಗೆದರೆ ಕೆಳಗೆ ತಿಳಿ ಹಳದಿ ಕಾಣುತ್ತದೆ. ಮೇಲ್ಮೈ ಕೈಗೆ ಮೊದಲಿನಷ್ಟೇ ನುಣುಪು. ಬಣ್ಣ ಗಾಜಿನ ಒಳಕ್ಕೆ ಇಳಿದಿರುತ್ತದೆ.

ಒಳಗೆ ನಡೆಯುವ ಕ್ರಿಯೆಗೆ ಮೂರು ಹಂತಗಳು. ಮೊದಲು ಬೆಳ್ಳಿಯ ಅಯಾನುಗಳು ಗಾಜಿನ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳ ಜಾಗಕ್ಕೆ ಬಂದು ಕೂರುತ್ತವೆ; ಅವು ಹೊರಕ್ಕೆ ಸರಿಯುತ್ತವೆ. ಬಳಿಕ ಗಾಜಿನಲ್ಲಿರುವ ಕಬ್ಬಿಣದಂಥ ಧಾತುಗಳಿಂದ ಎಲೆಕ್ಟ್ರಾನು ಪಡೆದು ಅಯಾನುಗಳು ಬೆಳ್ಳಿಯ ಪರಮಾಣುಗಳಾಗುತ್ತವೆ. ಕೊನೆಗೆ ಈ ಪರಮಾಣುಗಳು ಒಟ್ಟುಗೂಡಿ ಕೆಲವೇ ನ್ಯಾನೋಮೀಟರುಗಳಿಂದ ಕೆಲವು ಹತ್ತು ನ್ಯಾನೋಮೀಟರುಗಳವರೆಗಿನ ಕಣಗಳಾಗುತ್ತವೆ. ಕಣದ ಎಲೆಕ್ಟ್ರಾನುಗಳು ಬೆಳಕಿನೊಂದಿಗೆ ಒಟ್ಟಾಗಿ ಕಂಪಿಸಿ 400ರಿಂದ 430 ನ್ಯಾನೋಮೀಟರ್ ಆಸುಪಾಸಿನ ನೇರಳೆ-ನೀಲಿ ಬೆಳಕನ್ನು ಹೀರುತ್ತವೆ. ಉಳಿದು ಹಾಯುವ ಬೆಳಕು ಹಳದಿ. ಕಣಗಳು ದೊಡ್ಡದಾದಂತೆ, ದಟ್ಟವಾದಂತೆ ಬಣ್ಣ ಕಿತ್ತಳೆಯತ್ತ ವಾಲುತ್ತದೆ. ಕಾವು ಮಿತಿಮೀರಿದರೆ ಲೋಹದ ಪದರ ಕಟ್ಟಿಕೊಂಡು ಪಾರದರ್ಶಕತೆ ಕೆಡುತ್ತದೆ.

ಒಂದೇ ಲೇಪಕ್ಕೆ ಎಲ್ಲ ಗಾಜೂ ಒಂದೇ ಬಣ್ಣ ತಾಳುವುದಿಲ್ಲ. ಕರಗಿದ ತವರದ ಮೇಲೆ ತೇಲಿಸಿ ತಯಾರಿಸುವ ಕಾರ್ಖಾನೆಯ ಗಾಜಿನಲ್ಲಿ ತವರ ತಾಕಿದ ಮುಖ ಹೆಚ್ಚು ಗಾಢ ಬಣ್ಣ ಪಡೆಯುತ್ತದೆ, ಏಕೆಂದರೆ ತವರವೂ ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನು ಕೊಡುತ್ತದೆ. ಆದ್ದರಿಂದಲೇ ಕುಶಲಿಗಳು ಪ್ರತಿ ಹೊಸ ಗಾಜಿಗೂ ಮೊದಲು ಸಣ್ಣ ತುಂಡೊಂದನ್ನು ಸುಟ್ಟು ನೋಡುತ್ತಾರೆ.

ಕರಗಿದ ಗಾಜು, ಜ್ವಾಲೆಯ ಗಾಜು

ಬೆಳ್ಳಿಯನ್ನು ಕರಗಿದ ಗಾಜಿಗೇ ಬೆರೆಸುವುದೂ ಉಂಟು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ 4ನೆಯ ಶತಮಾನದ ರೋಮನ್ ಲೈಕರ್ಗಸ್ ಬಟ್ಟಲಿನ ಮೇಲೆ ಎದುರಿನಿಂದ ಬೆಳಕು ಬಿದ್ದರೆ ಅದು ಹಸಿರು. ಬೆಳಕು ಅದರ ಮೂಲಕ ಹಾದರೆ ಕೆಂಪು. ಇದಕ್ಕೆ ಕಾರಣ ಬೆಳ್ಳಿ ಮತ್ತು ಚಿನ್ನದ ಮಿಶ್ರಲೋಹದ ಅತಿಸೂಕ್ಷ್ಮ ಕಣಗಳು. ಗಾಜಿನ ಹತ್ತು ಲಕ್ಷ ಭಾಗದಲ್ಲಿ ಬೆಳ್ಳಿ ಸುಮಾರು 300 ಭಾಗ, ಚಿನ್ನ ಸುಮಾರು 40 ಭಾಗ ಮಾತ್ರ.

ಇಂದು ಬರ್ನರಿನ ಜ್ವಾಲೆಯಲ್ಲಿ ಮಣಿ ಮಾಡುವವರು ಬಿಸಿ ಗಾಜಿಗೆ ಬೆಳ್ಳಿ ರೇಕು ಸುತ್ತುತ್ತಾರೆ. ಬೆಳ್ಳಿ ಕರಗುವುದು 962 ಡಿಗ್ರಿಯಲ್ಲಿ. ಜ್ವಾಲೆ ತಾಕಿದಾಗ ರೇಕು ಒಡೆದು ಸಣ್ಣ ಹನಿಗಳಾಗಿ ಅಂಟಿಕೊಳ್ಳುತ್ತದೆ. ದಂತಬಣ್ಣದ ಗಾಜಿನ ಮೇಲೆ ಅದು ಕಂದು-ಕಪ್ಪು ಬಲೆಯಂಥ ಗೆರೆಗಳನ್ನು ಬಿಡಿಸುತ್ತದೆ. ಬೆಳ್ಳಿ ಬೆರೆಸಿದ ಗಾಜಿನ ಕಡ್ಡಿಗಳು ಜ್ವಾಲೆಯ ಗುಣಕ್ಕೆ ತಕ್ಕಂತೆ ನಡೆದುಕೊಳ್ಳುತ್ತವೆ: ಆಮ್ಲಜನಕ ಕಡಿಮೆಯಾದ ಜ್ವಾಲೆಯಲ್ಲಿ ಮೇಲ್ಮೈಗೆ ಲೋಹದ ಹೊಳಪು ಬರುತ್ತದೆ, ತುಸು ತಣಿಸಿ ಮತ್ತೆ ಕಾಯಿಸಿದರೆ ಒಳಗೆ ಬಣ್ಣ ಏಳುತ್ತದೆ. ಬೋರೋಸಿಲಿಕೇಟ್ ಗಾಜಿಗೆ ಬೆಳ್ಳಿಯ ಆವಿ ಹಿಡಿಸುವ ಪದ್ಧತಿಯೂ ಇದೆ. ಆಗ ಕೂರುವ ತೆಳು ಪದರದ ಮೂಲಕ ನೋಡಿದರೆ ಹಳದಿ, ಕಪ್ಪು ಹಿನ್ನೆಲೆಯ ಮೇಲೆ ನೀಲಿ.

ಎಚ್ಚರಿಕೆ

ಸಿಲ್ವರ್ ನೈಟ್ರೇಟ್ ಚರ್ಮವನ್ನು ಕಪ್ಪಾಗಿಸಿ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕೈಗವಸು ಮತ್ತು ಕನ್ನಡಕ ಕಡ್ಡಾಯ. ಒಣ ಪುಡಿಯನ್ನು ಅರೆಯುವಾಗ, ಲೇಪವನ್ನು ಉಜ್ಜಿ ತೆಗೆಯುವಾಗ ಮುಖಕ್ಕೆ ಧೂಳು ತಡೆಯುವ ಮಾಸ್ಕ್ ಬೇಕು. ಆವಿ ಹಿಡಿಸುವ ಕೆಲಸವನ್ನು ಗಾಳಿಯನ್ನು ಹೊರಕ್ಕೆ ಸೆಳೆಯುವ ಫ್ಯಾನಿನ ಕೆಳಗೆ ಮಾತ್ರ ಮಾಡಬೇಕು. ಉಜ್ಜಿ ತೆಗೆದ ಮಣ್ಣಿನಲ್ಲಿ ಇನ್ನೂ ಬೆಳ್ಳಿ ಉಳಿದಿರುತ್ತದೆ. ಬೆಳ್ಳಿಯ ಅಯಾನು ಜಲಚರಗಳಿಗೆ ವಿಷವಾದ್ದರಿಂದ ಅದನ್ನು ಚರಂಡಿಗೆ ಸುರಿಯದೆ, ಶೇಖರಿಸಿಟ್ಟು ಮುಂದಿನ ಲೇಪಕ್ಕೆ ಬಳಸುವುದೇ ಸರಿಯಾದ ಕ್ರಮ.