ಮೈಸೂರಿನ ಹೆಸರು ಹೊತ್ತ ಬಳ್ಳಿ: ಮನೆಯಂಗಳದಲ್ಲಿ ಬೆಳೆಸುವ ಬಗೆ



ಮುಂಗಾರಿಗೆ ಮೊದಲು ಗಿರಿಯ ಕಾಫಿ ತೋಟಗಳಲ್ಲಿ ಮರಗಸಿ ನಡೆಯುತ್ತದೆ. ನೆರಳಿನ ಮರಗಳ ರೆಂಬೆಗಳೊಡನೆ ಅವುಗಳಿಗೆ ಸುತ್ತಿಕೊಂಡ ಬಳ್ಳಿಗಳೂ ಕತ್ತಿಗೆ ಸಿಕ್ಕಿ ನೆಲಕ್ಕೆ ಬೀಳುತ್ತವೆ. ಮೆಣಸಿನ ಬಳ್ಳಿ ಎದುರಾದಾಗ ಮಾತ್ರ ಕೈ ತಾನಾಗಿ ತಡೆಯುತ್ತದೆ. ಮಿಕ್ಕದ್ದೆಲ್ಲ ‘ಕಾಡುಬಳ್ಳಿ’ ಎಂಬ ಒಂದೇ ಹೆಸರಿನಡಿ ರಾಶಿಯಾಗಿ ಒಣಗುತ್ತದೆ. ಹಾಗೆ ಒಣಗುವ ರಾಶಿಯಲ್ಲಿ ಒಮ್ಮೊಮ್ಮೆ ಸೇರಿಹೋಗುವ ಒಂದು ಬಳ್ಳಿಯೇ ಈ ಉಪನ್ಯಾಸದ ವಿಷಯ. ಶೀತದೇಶಗಳಲ್ಲಿ ಅದನ್ನು ಗಾಜಿನ ಮನೆ ಕಟ್ಟಿ, ಚಳಿಗಾಲದಲ್ಲಿ ಬೆಂಕಿಯ ಶಾಖ ಕೊಟ್ಟು ಸಾಕುತ್ತ ಬಂದಿದ್ದಾರೆ. ಅದು ಹುಟ್ಟಿ ಬೆಳೆಯುವ ನಾಡಿನಲ್ಲಿ ಅದನ್ನು ಕುಂಡದಲ್ಲಿಟ್ಟು ಬೆಳೆಸಿದವರು ವಿರಳ.

ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಥನ್‌ಬರ್ಜಿಯಾ ಮೈಸೋರೆನ್ಸಿಸ್. ಹೆಸರಿನ ಮೊದಲ ಭಾಗ ಸ್ವೀಡನ್ನಿನ ಸಸ್ಯವಿಜ್ಞಾನಿ, ಲಿನೇಯಸ್ಸನ ಶಿಷ್ಯ ಕಾರ್ಲ್ ಪೀಟರ್ ಥನ್‌ಬರ್ಗ್‌ನದು (1743–1828). ಎರಡನೆಯ ಭಾಗ ಹಳೆಯ ಮೈಸೂರು ಸಂಸ್ಥಾನದ್ದು. ಈ ಬಳ್ಳಿಯನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಮದರಾಸು ಪ್ರಾಂತದಲ್ಲಿದ್ದ ರಾಬರ್ಟ್ ವೈಟ್. ಅವನ ಗ್ರಂಥಗಳಿಗೆ ಸಾವಿರಾರು ಸಸ್ಯಚಿತ್ರಗಳು ಬೇಕಾಗಿದ್ದವು. ಅವುಗಳನ್ನು ಬರೆದುಕೊಟ್ಟವರಲ್ಲಿ ರಂಗಯ್ಯ ಮತ್ತು ಗೋವಿಂದು ಎಂಬ ದಕ್ಷಿಣ ಭಾರತದ ಚಿತ್ರಕಾರರು ಪ್ರಮುಖರು. ಗ್ರಂಥಕರ್ತನ ಹೆಸರು ಗಿಡದ ಹೆಸರಿನೊಡನೆ ಉಳಿಯಿತು. ಚಿತ್ರಕಾರರ ಹೆಸರುಗಳು ಬಹುಕಾಲ ಮರೆಯಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬಳ್ಳಿ ಇಂಗ್ಲೆಂಡಿನ ಗಾಜಿನ ಮನೆಗಳನ್ನು ಸೇರಿತು. ಅಲ್ಲಿನ ರಾಯಲ್ ತೋಟಗಾರಿಕಾ ಸಂಘವು ಉತ್ತಮ ಉದ್ಯಾನಸಸ್ಯಗಳಿಗೆ ಕೊಡುವ ಮನ್ನಣೆಯನ್ನೂ ಪಡೆದಿದೆ.

ಇದು ಸಹಜವಾಗಿ ಬೆಳೆಯುವುದು ದಕ್ಷಿಣ ಭಾರತದ ಬೆಟ್ಟಸಾಲುಗಳಲ್ಲಿ ಮಾತ್ರ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿಯೂ ತರೀಕೆರೆ ತಾಲ್ಲೂಕಿಗೆ ಸೇರಿದ ಕೆಮ್ಮಣ್ಣುಗುಂಡಿಯ ಸುತ್ತಲಿನ ಕಾಡಿನಂಚುಗಳಲ್ಲಿಯೂ ಕಾಣಸಿಗುತ್ತದೆ. ದಟ್ಟಕಾಡಿನ ಕತ್ತಲೆ ಇದಕ್ಕೆ ಒಗ್ಗದು. ಬಯಲಿನ ಬಿಸಿಲೂ ಒಗ್ಗದು. ತೊರೆಯ ಬದಿ, ಶೋಲಾ ಕಾಡಿನ ಅಂಚು, ರಸ್ತೆ ಕಡಿದ ಧರೆಯ ಮೇಲ್ಭಾಗ, ಒಟ್ಟಿನಲ್ಲಿ ಬುಡಕ್ಕೆ ತಂಪು, ತಲೆಗೆ ಬೆಳಕು ಸಿಗುವ ಸ್ಥಳವೇ ಇದರ ನೆಲೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಮುಂದೆ ಹೇಳುವ ಆರೈಕೆಯ ಬಹುಪಾಲು ತಾನಾಗಿ ಅರ್ಥವಾಗುತ್ತದೆ.

ಹೂವಿಲ್ಲದಾಗ ಗುರುತಿಸುವುದು ಸ್ವಲ್ಪ ಕಷ್ಟ. ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಉದ್ದನೆಯ, ತುದಿ ಚೂಪಾದ ಎಲೆ. ಬುಡದಿಂದಲೇ ಮೂರು ನರಗಳು ಎದ್ದು ಕಾಣುತ್ತವೆ. ಅಂಚಿನಲ್ಲಿ ಅಲ್ಲಲ್ಲಿ ಹಲ್ಲುಗಳಿರುತ್ತವೆ. ಹೂವಿನ ಕಾಲ ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ. ಆಗ ಅನುಮಾನಕ್ಕೆ ಎಡೆಯಿಲ್ಲ. ಹಗ್ಗದಂತೆ ಇಳಿಬಿದ್ದ ಗೊಂಚಲು. ಅದರಲ್ಲಿ ಸುಮಾರು ಎರಡು ಅಂಗುಲದ ಹೂಗಳು. ಒಳಗೆ ಅರಿಸಿನದ ಹಳದಿ, ಹಿಂದಕ್ಕೆ ಮಡಿಚಿದ ದಳಗಳಲ್ಲಿ ಕಾವಿಗೆಂಪು. ಕನಕಾಂಬರ, ಆಡುಸೋಗೆ, ಗೋರಂಟೆಗಳು ಇದರ ಕುಟುಂಬದವು. ಗಿರಿಯನ್ನು ನೀಲಿಯಾಗಿಸುವ ಕುರಿಂಜಿಯೂ ಅದೇ ಕುಟುಂಬದ್ದೆಂದರೆ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಬಹುದು.

ಹೂ ಬಾಯ್ದೆರೆದಿರುವ ರೀತಿಯನ್ನು ನಿಂತು ನೋಡಬೇಕು. ಅದು ಸೂರಕ್ಕಿಗಾಗಿ ಮಾಡಿದ ಬಾಗಿಲು. ಹಕ್ಕಿ ಗೊಂಚಲಿನ ಕಾಂಡವನ್ನು ಹಿಡಿದು ಜೋತು, ಕೊಕ್ಕನ್ನು ಒಳಗಿಟ್ಟು ಮಕರಂದ ಹೀರುವಾಗ ಮೇಲ್ಭಾಗದ ಕೇಸರಗಳು ಅದರ ತಲೆಗೆ ಪರಾಗವನ್ನು ಸವರುತ್ತವೆ. ಮುಂದಿನ ಹೂವಿನಲ್ಲಿ ಆ ಪರಾಗ ಶಲಾಕೆಗೆ ತಗಲುತ್ತದೆ. ಹಕ್ಕಿ ಬಾರದ ಗಾಜಿನ ಮನೆಯಲ್ಲಿ ಬಳ್ಳಿ ಹೂ ಬಿಡುತ್ತದೆ, ಆದರೆ ಅದರ ಅರ್ಧ ಕೆಲಸ ಹಾಗೆಯೇ ಉಳಿಯುತ್ತದೆ. ಗಿರಿಯ ತಪ್ಪಲಿನ ಮನೆಯಂಗಳದಲ್ಲಿ ಇದನ್ನು ಬೆಳೆಸುವವರಿಗೆ ಲಂಡನ್ನಿನವರಿಗೆ ಇಲ್ಲದ ಭಾಗ್ಯವೊಂದು ಉಚಿತವಾಗಿ ದೊರೆಯುತ್ತದೆ.

ಇನ್ನು ಬೆಳೆಸುವ ವಿಚಾರ. ಮೊದಲ ಪ್ರಶ್ನೆ, ಗಿಡವನ್ನು ಎಲ್ಲಿಂದ ತರಬೇಕು?

ಹೂ ಕಂಡೊಡನೆ ಬುಡಸಮೇತ ಕೀಳುವ ಆಸೆ ಎಂಥವರಿಗೂ ಬರುತ್ತದೆ. ಅದರಿಂದ ಎರಡು ಕಡೆ ನಷ್ಟ. ಬಲಿತ ಬಳ್ಳಿಯ ಬೇರು ಕಲ್ಲುಸಂದಿಗಳಲ್ಲಿ ಆಳಕ್ಕೆ ಇಳಿದಿರುತ್ತದೆ. ಕಿತ್ತಾಗ ಎಳೆಬೇರುಗಳು ಮಣ್ಣಿನಲ್ಲಿಯೇ ಉಳಿಯುತ್ತವೆ, ಕೈಗೆ ಬರುವುದು ನೀರು ಹೀರಲಾರದ ಕೊರಡು. ಅದು ಕುಂಡದಲ್ಲಿ ವಾರವೆರಡು ವಾರ ಹಸಿರಾಗಿದ್ದು ಸಾಯುತ್ತದೆ. ಕಾಡಿನಂಚಿನಲ್ಲಿ ಇದ್ದ ಒಂದು ಬಳ್ಳಿಯೂ ಹೋಗುತ್ತದೆ, ಅದರೊಡನೆ ಆ ಚಳಿಗಾಲದಲ್ಲಿ ಸೂರಕ್ಕಿಗೆ ಸಿಗಬೇಕಿದ್ದ ಮಕರಂದವೂ. ಭದ್ರಾ ಅಭಯಾರಣ್ಯದ ಗಡಿಯೊಳಗಂತೂ ಗಿಡ ಬಳ್ಳಿಗಳನ್ನು ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆದ್ದರಿಂದ ಕಾಡಿಗೆ ಹೋಗಬೇಕಾಗಿಲ್ಲ. ಮರಗಸಿಯಲ್ಲಿ ಹೇಗೂ ಬೀಳುವ ಬಳ್ಳಿಯೇ ಸಾಕು. ತೋಟದವರನ್ನು ಕೇಳಿ, ಕೆಲಸದವರಿಗೆ ಎಲೆಯ ಗುರುತು ತೋರಿಸಿಟ್ಟರೆ ಒಂದೇ ಬಳ್ಳಿಯಿಂದ ಹತ್ತಾರು ಮನೆಗಳಿಗೆ ಆಗುವಷ್ಟು ತುಂಡುಗಳು ದೊರೆಯುತ್ತವೆ.

ತುಂಡುಗಳ ಆಯ್ಕೆಯಲ್ಲಿಯೇ ಅರ್ಧ ಯಶಸ್ಸು ಇದೆ. ಹಸಿರಾದ ಎಳೆತುದಿ ಕೊಳೆಯುತ್ತದೆ. ಕಂದು ತೊಗಟೆಯ ಹಳೆಯ ಕಾಂಡ ಬೇರು ಬಿಡಲು ತಡಮಾಡುತ್ತದೆ. ಬಾಗಿಸಿದರೆ ಬಾಗುವ, ಹಿಸುಕಿದರೆ ಗಟ್ಟಿಯಾಗಿರುವ, ಪೆನ್ಸಿಲ್ಲಿನಷ್ಟು ದಪ್ಪದ ನಡುಭಾಗ ಉತ್ತಮ. ಎರಡು ಮೂರು ಗೆಣ್ಣುಗಳಿರುವಂತೆ ನಾಲ್ಕರಿಂದ ಆರು ಅಂಗುಲದ ತುಂಡು ಮಾಡಿ, ಕೆಳಗಿನ ಗೆಣ್ಣಿನ ಸ್ವಲ್ಪವೇ ಕೆಳಗೆ ಓರೆಯಾಗಿ ಕತ್ತರಿಸಬೇಕು. ಮೇಲಿನ ಒಂದು ಜೋಡಿ ಎಲೆಗಳನ್ನು ಅರ್ಧ ಕತ್ತರಿಸಿ ಉಳಿಸಿ, ಮಿಕ್ಕವನ್ನು ತೆಗೆಯಬೇಕು. ಕತ್ತರಿಸಿದ ದಿನವೇ ನೆಡಬೇಕು. ಸಂಜೆ ಸಂತೆಗೆ ಹೋಗಿ ಬಂದು ಮಾರನೆಯ ದಿನ ನೆಟ್ಟರೆ ಆಗುವುದಿಲ್ಲ. ಕಾಫಿ ನರ್ಸರಿಯಲ್ಲಿ ಬಳಸುವ ಪಾಲಿಥೀನ್ ಚೀಲಕ್ಕೆ ತೊಳೆದ ಮರಳು ಹಾಗೂ ತೆಂಗಿನ ನಾರಿನ ಪುಡಿಯನ್ನು ಸಮಪಾಲು ತುಂಬಿ, ಒಂದು ಗೆಣ್ಣು ಒಳಗೆ ಹೋಗುವಂತೆ ಊರಬೇಕು. ಬೇರು ಬರಿಸುವ ಪುಡಿ ಕೃಷಿ ಅಂಗಡಿಗಳಲ್ಲಿ ಸಿಗುತ್ತದೆ, ಅದ್ದಿದರೆ ಒಳ್ಳೆಯದು. ನೆರಳಿನಲ್ಲಿಟ್ಟು ಪಾರದರ್ಶಕ ಕವರು ಮುಚ್ಚಿ, ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಬೇಕು. ನಾಲ್ಕರಿಂದ ಆರು ವಾರಗಳಲ್ಲಿ ಬೇರು ಬರುತ್ತದೆ. ಬಂದಿದೆಯೇ ಎಂದು ದಿನವೂ ಕಿತ್ತು ನೋಡುವ ಅಭ್ಯಾಸ ಮಕ್ಕಳಿಗಿಂತ ಹಿರಿಯರಲ್ಲಿಯೇ ಹೆಚ್ಚು. ಹೊಸ ಚಿಗುರು ಎರಡು ಜೋಡಿ ಎಲೆ ಬಿಡುವವರೆಗೆ ಕಾಯುವುದು ಒಳಿತು. ಹತ್ತು ತುಂಡುಗಳಲ್ಲಿ ಐದು ಬದುಕಿದರೂ ತೃಪ್ತಿಪಡಬೇಕು.

ಕುಂಡ ಕನಿಷ್ಠ ಒಂದೂವರೆ ಅಡಿ ಅಗಲದ್ದಿರಲಿ, ಅಡಿಯಲ್ಲಿ ತೂತುಗಳಿರಲಿ. ಕೆಂಪುಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮರಳು ಸಮಭಾಗ. ಕಾಡುಮಣ್ಣು ಕಡ್ಡಾಯವೆಂಬ ನಂಬಿಕೆ ಕಾಫಿ ನರ್ಸರಿಗಳಿಂದ ಬಂದದ್ದು. ತೋಟದ ತರಗು ಕೊಳೆಸಿದ ಗೊಬ್ಬರ ಅದೇ ಕೆಲಸ ಮಾಡುತ್ತದೆ. ಮೆಣಸಿನ ಬಳ್ಳಿ ಗೆಣ್ಣುಬೇರುಗಳಿಂದ ಮರಕ್ಕೆ ಅಂಟಿ ಏರುತ್ತದೆ. ಇದಕ್ಕೆ ಅಂಟುಬೇರೂ ಇಲ್ಲ, ನುಲಿಬಳ್ಳಿಯೂ ಇಲ್ಲ. ಕಾಂಡವೇ ಸುತ್ತಿಕೊಂಡು ಏರುತ್ತದೆ. ಗೋಡೆಗೆ ಒರಗಿಸಿದರೆ ಜಾರಿ ಬೀಳುತ್ತದೆ. ತಂತಿ ಅಥವಾ ತೆಂಗಿನ ಹಗ್ಗ ಬೇಕು. ಗೊಂಚಲು ಎರಡು ಮೂರು ಅಡಿ ಜೋತಾಡಬಲ್ಲದ್ದಾದ್ದರಿಂದ ಜಗಲಿಯ ಮುಂದೆ ಎಂಟು ಅಡಿಗೆ ಕಡಿಮೆಯಿಲ್ಲದ ಚಪ್ಪರ ಹಾಕಬೇಕು. ಇದನ್ನು ಎಳೆಯ ನೆರಳುಮರಕ್ಕಾಗಲಿ ಅಡಿಕೆಗಾಗಲಿ ಬಿಡಬಾರದು. ಸುತ್ತುವ ಬಳ್ಳಿ ಎಳೆಗಿಡವನ್ನು ಮುಚ್ಚಿಬಿಡುತ್ತದೆ.

ಒಂದೇ ಬಳ್ಳಿಯನ್ನು ಮೂರು ತಾಲ್ಲೂಕುಗಳಲ್ಲಿ ಒಂದೇ ರೀತಿ ಬೆಳೆಸಲಾಗದು. ಗಿರಿಯ ನೆತ್ತಿಯಿಂದ ಕಡೂರಿಗೆ ಇಳಿಯುವಷ್ಟರಲ್ಲಿ ಮಳೆ ಹಲವು ಪಟ್ಟು ಇಳಿಯುತ್ತದೆ. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದಲ್ಲಿದೆ; ತಪ್ಪಲಿನಾಚೆಯ ಮೂರು ಪಟ್ಟಣಗಳೂ ಅದರ ಅರ್ಧದ ಆಸುಪಾಸಿನಲ್ಲಿವೆ.

ತರೀಕೆರೆಯ ಕಡೆ, ಅದರಲ್ಲಿಯೂ ಲಿಂಗದಹಳ್ಳಿಯಿಂದ ಲಕ್ಕವಳ್ಳಿಯವರೆಗಿನ ಅಡಿಕೆ ತೋಟದ ಮನೆಗಳಲ್ಲಿ, ಕೆಲಸ ಸುಲಭ. ತೇವವಿದೆ, ಚುಕ್ಕಿನೆರಳಿದೆ. ಅಲ್ಲಿನ ಅಪಾಯ ನೀರು ಕಡಿಮೆಯಾಗುವುದಲ್ಲ, ಹೆಚ್ಚಾಗುವುದು. ಮಳೆಗಾಲದಲ್ಲಿ ಕುಂಡವನ್ನು ಸೂರಿನ ನೀರು ಬೀಳುವ ಕಡೆ ಇಟ್ಟರೆ ಬೇರು ಕೊಳೆಯುತ್ತದೆ. ಮೆಣಸಿನ ಸೊರಗು ರೋಗವನ್ನು ಕಂಡವರಿಗೆ ನಿಂತ ನೀರಿನ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಕುಂಡದ ಕೆಳಗೆ ಎರಡು ಇಟ್ಟಿಗೆ ಇಟ್ಟರೆ ಸಾಕು.

ಕಡೂರಿನದು ಬೇರೆ ಕಥೆ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನ ಮಳೆ, ಚಳಿಗಾಲದಲ್ಲಿ ಒಣ ಮೂಡಣ ಗಾಳಿ. ಇಲ್ಲಿ ಬಳ್ಳಿ ಬಯಲಿನಲ್ಲಿ ಬದುಕದು. ಅಕ್ಷರಶಃ ಮನೆಗಿಡವಾಗಿಯೇ ಬೆಳೆಯಬೇಕು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಮೂಡಣ ಜಗಲಿ ಅಥವಾ ಬಾವಿಕಟ್ಟೆಯ ಬಳಿಯ ತೆಂಗಿನ ನೆರಳು ತಕ್ಕ ಜಾಗ. ಮಣ್ಣಿನ ಮೇಲೆ ಎರಡು ಅಂಗುಲ ತೆಂಗಿನ ಸಿಪ್ಪೆ ಹೊದಿಸಬೇಕು. ಎಲ್ಲಕ್ಕಿಂತ ಹೆಚ್ಚಿನ ತೊಂದರೆ ನೀರಿನದೇ. ಕೊಳವೆಬಾವಿಯ ಗಡಸು ನೀರು ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುತ್ತದೆ, ಮಣ್ಣು ಕ್ಷಾರವಾಗುತ್ತದೆ, ಆಗ ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ನರಗಳು ಹಸಿರಾಗಿಯೇ ಉಳಿದು ಎಳೆಯ ಎಲೆ ಹಳದಿಯಾಗುವುದು ಇದರ ಲಕ್ಷಣ. ಇದನ್ನು ಹಸಿವೆಂದು ತಿಳಿದು ಯೂರಿಯಾ ಹಾಕುವವರಿದ್ದಾರೆ. ಅದರಿಂದ ಎಲೆ ಹೆಚ್ಚೀತು, ಹೂ ಬಾರದು. ಸೂರಿನ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟು ವಾರಕ್ಕೊಮ್ಮೆಯಾದರೂ ಅದನ್ನೇ ಹಾಕುವುದು, ಎಲೆಗೊಬ್ಬರ ಸೇರಿಸುವುದು ಸರಿಯಾದ ಮದ್ದು. ಗಿರಿಯ ಬಳ್ಳಿಯೊಂದು ಕಡೂರಿನ ಮನೆಗೆ ಮಳೆನೀರು ಸಂಗ್ರಹವನ್ನು ಕಲಿಸಿದರೆ ಅದೇನೂ ಸಣ್ಣ ಲಾಭವಲ್ಲ.

ಹಿಂದೆ ತರೀಕೆರೆಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಕೆಲವೆಡೆ ಎರೆಮಣ್ಣು. ಅದು ಮಳೆಯಲ್ಲಿ ಅಂಟಾಗಿ ಬೇಸಿಗೆಯಲ್ಲಿ ಬಿರಿಯುತ್ತದೆ; ಕುಂಡಕ್ಕೆ ಹಿಡಿಯಷ್ಟೂ ಬೇಡ. ಕೆಂಪುಮಣ್ಣನ್ನೇ ತರಿಸಬೇಕು. ಗೊಬ್ಬರಕ್ಕೆ ಅಮೃತಮಹಲ್ ತಳಿಯ ಈ ಊರಿನಲ್ಲಿ ಕೊರತೆಯಿಲ್ಲ, ಆದರೆ ಹಸಿ ಸಗಣಿ ಹಾಕದಿರಿ. ಇನ್ನೊಂದು ಮಾತು. ಹಸಿರೀಕರಣದ ಉತ್ಸಾಹದಲ್ಲಿ ಇಂಥ ಬಳ್ಳಿಗಳನ್ನಾಗಲಿ ಮರಗಳನ್ನಾಗಲಿ ಕಾವಲುಗಳಲ್ಲಿ ನೆಡುವ ಯೋಚನೆ ಬೇಡ. ಹುಲ್ಲುಗಾವಲು ಬರಿನೆಲವಲ್ಲ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದು ಅದು ಹುಲ್ಲುಗಾವಲಾಗಿರುವುದರಿಂದಲೇ.

ಕೀಟಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಣಹವೆಯಲ್ಲಿ ಎಲೆಯಡಿ ಕೆಂಪು ನುಸಿ, ಗೆಣ್ಣುಗಳಲ್ಲಿ ಹಿಟ್ಟುತಿಗಣೆ ಬರುತ್ತವೆ. ಎಲೆಯಡಿಗೆ ನೀರು ಚಿಮುಕಿಸುವುದು, ಲೀಟರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕಲಸಿ ಸಂಜೆ ಸಿಂಪಡಿಸುವುದು ಸಾಕು. ಹೂವಿರುವಾಗ ರಾಸಾಯನಿಕ ಬೇಡವೇ ಬೇಡ, ಅದು ಹಕ್ಕಿಯ ಬಾಯಿಗೆ ಹೋಗುತ್ತದೆ. ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿಯುವ ರಾತ್ರಿಗಳಲ್ಲಿ ಎಳೆಗಿಡವನ್ನು ಒಳಗಿಡಬೇಕು. ಹೂ ಮುಗಿದ ಮೇಲೆ, ಮುಂಗಾರಿಗೆ ಮುನ್ನ, ಒತ್ತಾದ ಕೊಂಬೆಗಳನ್ನು ಕತ್ತರಿಸಬೇಕು. ಮೊದಲ ವರ್ಷ ಹೂ ನಿರೀಕ್ಷಿಸಬಾರದು.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ನರ್ಸರಿಗಳಲ್ಲಿ ಥನ್‌ಬರ್ಜಿಯಾ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವುದು ನೀಲಿಹೂವಿನ ಗ್ರ್ಯಾಂಡಿಫ್ಲೋರಾ ಜಾತಿಯನ್ನು. ಅದೂ ಚೆಲುವಾದ ಬಳ್ಳಿಯೇ. ಆದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಅದು ತೋಟಗಳಿಂದ ತಪ್ಪಿಸಿಕೊಂಡು, ಮಳೆಕಾಡಿನ ಮರಗಳನ್ನೇರಿ ಮುಚ್ಚುವ ಕಳೆಯಾಗಿದೆ. ಮನೆಮನೆಯ ಮನಿಪ್ಲಾಂಟ್ ಕೂಡ ಪೆಸಿಫಿಕ್ ದ್ವೀಪದ ಮೂಲದ್ದು. ಬಾಟಲಿಯಲ್ಲಿರುವಾಗ ಸಾಧು, ಹಳ್ಳದ ಬದಿಗೆ ಎಸೆದರೆ ಅಂಗೈಯಗಲದ ಎಲೆಯನ್ನು ತಟ್ಟೆಯಷ್ಟು ಮಾಡಿಕೊಂಡು ಮರವೇರುತ್ತದೆ. ಕತ್ತರಿಸಿದ ತುದಿಗಳನ್ನು ತೋಡಿಗೆ ಎಸೆಯದೆ ಒಣಗಿಸಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದ್ದು, ಊರಿನ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಈ ಬಳ್ಳಿ ನಿಮ್ಮ ಊರಿನ ಯಾವ ಧರೆಯಲ್ಲಿದೆ, ಯಾವ ತಿಂಗಳಲ್ಲಿ ಮೊದಲ ಹೂ, ಯಾವ ಹಕ್ಕಿ ಬಂದಿತು, ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ, ಇವನ್ನು ಬರೆದು ಆ ದಾಖಲಾತಿಗೆ ಸೇರಿಸಿ. ರಸ್ತೆ ಅಗಲ ಮಾಡುವವರು ಧರೆ ಕಡಿಯಲು ಬಂದಾಗ ತೋರಿಸಲು ಕೈಯಲ್ಲಿ ಒಂದು ಕಾಗದವಾದರೂ ಇರಬೇಕು. ಮುಂದಿನ ಮರಗಸಿಗೆ ಮೊದಲು ಪಾಲಿಥೀನ್ ಚೀಲಗಳಿಗೆ ಮರಳು ಮತ್ತು ನಾರಿನ ಪುಡಿ ತುಂಬಿ, ನೀರು ಹನಿಸಿ, ನೆರಳಿನಲ್ಲಿ ಸಿದ್ಧವಾಗಿಟ್ಟಿರಿ; ಬಳ್ಳಿ ಬಿದ್ದ ದಿನವೇ ಅವು ಬೇಕಾಗುತ್ತವೆ.